ಅಪ್ಪನ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲವಂತೆ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಬಹುದಾ?

ಪಾಂಡವಪುರ ಸೀಮೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪನಿಗೆ 63 ವರ್ಷ. ಕಬ್ಬು, ಭತ್ತ, ಎರಡು ಹಸು. ಶುಗರ್ ಬಂದು ಹತ್ತು ವರ್ಷದ ಮೇಲಾಯಿತು, ಮಾತ್ರೆ ತಗೊಳ್ಳುತ್ತಾರೆ. ಬೀಡಿ ಹುಡುಗ ವಯಸ್ಸಿನಿಂದಲೂ ಇದೆ. ಕಮ್ಮಿ ಮಾಡಿದ್ದೇನೆ ಅನ್ನುತ್ತಾರೆ, ಆದರೆ ಕೊಟ್ಟಿಗೆ ಕಡೆ ಹೋಗಿ ಬಂದರೆ ವಾಸನೆಯೇ ಲೆಕ್ಕ ಒಪ್ಪಿಸುತ್ತದೆ.

ಹೋದ ಸುಗ್ಗಿಯಿಂದ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿದೆ. ಡೈರಿಗೆ ಹಾಲು ಹಾಕಲು ಹೊರಟರೆ ಅರ್ಧ ದಾರಿಗೆ ನಿಲ್ಲಲೇಬೇಕು. ಕ್ಯಾನ್ ಕೆಳಗಿಟ್ಟು, ಯಾರಾದರೂ ನೋಡಿದರೆ ಫೋನ್ ಬಂದ ಹಾಗೆ ನಟಿಸುತ್ತಾರೆ. ಒಂದೆರಡು ನಿಮಿಷ ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಊರಿನ ಡಾಕ್ಟರು ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿ, ಬಲಗಡೆ ಸಿಗುತ್ತಿಲ್ಲ, ರಕ್ತ ಸಂಚಾರ ಕಮ್ಮಿ ಇದೆ, ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಸ್ಕ್ಯಾನ್) ಮಾಡಿಸಿ ಅಂದರು. ಇನ್ನೂ ಮಾಡಿಸಿಲ್ಲ.

ಅಷ್ಟರಲ್ಲಿ ಊರೆಲ್ಲ ಡಾಕ್ಟರುಗಳಾಗಿದ್ದಾರೆ. ನಮ್ಮ ಚಿಕ್ಕಪ್ಪ ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಇಂಜೆಕ್ಷನ್ ಬಂದಿದೆ, ಕಾಲಲ್ಲಿ ಹೊಸ ನಾಳ ಬೆಳೆಯುತ್ತದೆ ಅನ್ನುತ್ತಾರೆ. ಪಕ್ಕದ ಮನೆಯವರು ಮೈಸೂರಲ್ಲಿ ಲೇಸರ್ ಮಾಡಿಸಿಕೊಂಡು ಅದೇ ದಿನ ಮನೆಗೆ ಬಂದರು, ಅದನ್ನೇ ಮಾಡಿಸಿ ಅನ್ನುತ್ತಾರೆ. ಯೂಟ್ಯೂಬಲ್ಲಿ ನೋಡಿದರೆ ಕರಗಿ ಹೋಗುವ ಸ್ಟೆಂಟ್ ಅಂತ ತೋರಿಸುತ್ತಾರೆ. ಚೀಟಿ ದುಡ್ಡು ಸ್ವಲ್ಪ ಇದೆ, ಸಾಲದಿದ್ದರೆ ಒಂದು ಹಸು ಕೊಡಬಹುದು. ಈಗ ಬಂದಿರುವ ಹೊಸ ಚಿಕಿತ್ಸೆಗಳಲ್ಲಿ ಯಾವುದು ಒಳ್ಳೆಯದು? ಗೊತ್ತಿರುವವರು ದಯವಿಟ್ಟು ಹೇಳಿ.


ಕುವೆಂಪುನಗರ ಫಿಸಿಯೋ:

ಮೊದಲು ಹಸು ಮಾರಬೇಡಿ.

ನಿಮ್ಮ ಪಕ್ಕದ ಮನೆಯವರದ್ದು ವೇರಿಕೋಸ್ ವೇನ್ ಇರಬೇಕು. ಅದು ಕಾಲಿಂದ ಹೃದಯಕ್ಕೆ ವಾಪಸ್ ಹೋಗುವ ರಕ್ತದ ತೊಂದರೆ. ಸಂಜೆ ಹೊತ್ತಿಗೆ ಕಾಲು ಭಾರ, ಊತ, ಹುಳು ಹರಿದ ಹಾಗೆ ನೀಲಿ ನಾಳ, ಕಾಲು ಎತ್ತಿಟ್ಟು ಮಲಗಿದರೆ ಹಾಯ್ ಅನಿಸುತ್ತದೆ. ಲೇಸರ್, ಅಂಟು ಹಾಕಿ ಮುಚ್ಚುವುದು, ನೊರೆ ಇಂಜೆಕ್ಷನ್ ಎಲ್ಲ ಅದಕ್ಕೆ. ನಿಮ್ಮ ತಂದೆಯವರದ್ದು ಹೃದಯದಿಂದ ಕಾಲಿಗೆ ಇಳಿಯುವ ನಾಳದ ತೊಂದರೆ ಇದ್ದ ಹಾಗಿದೆ. ನಡೆದರೆ ನೋವು, ನಿಂತರೆ ಮಾಯ. ಎರಡಕ್ಕೂ ಸಂಬಂಧವೇ ಇಲ್ಲ. ಇದಕ್ಕೆ ಲೇಸರ್ ಮಾಡಿಸಿದರೆ ದುಡ್ಡು ದಂಡ. ಇನ್ನೊಂದು, ಯಾರಾದರೂ ಕಾಲಿಗೆ ಬಿಗಿ ಸಾಕ್ಸ್ ಹಾಕಿ ಅಂದರೆ ಡಾಪ್ಲರ್ ಆಗುವ ತನಕ ಹಾಕಬೇಡಿ. ವೇರಿಕೋಸ್‌ಗೆ ಅದು ಔಷಧಿ, ರಕ್ತವೇ ಕಮ್ಮಿ ಇಳಿಯುತ್ತಿರುವ ಕಾಲಿಗೆ ಅದರಿಂದ ಚರ್ಮ ಸತ್ತು ಹೋಗಬಹುದು.

ಬೆನ್ನುಹುರಿಯ ಒತ್ತಡದಿಂದಲೂ ನಡೆದಾಗ ಕಾಲು ನೋಯುತ್ತದೆ. ಆದರೆ ಅದು ಸುಮ್ನೆ ನಿಂತರೆ ಹೋಗುವುದಿಲ್ಲ, ಕೂರಬೇಕು ಇಲ್ಲವೇ ಮುಂದೆ ಬಾಗಬೇಕು. ನಿಮ್ಮ ತಂದೆ ನಿಂತುಕೊಂಡೇ ಸುಧಾರಿಸಿಕೊಳ್ಳುತ್ತಾರೆ ಅಂದಿರಲ್ಲ, ಅದು ನಾಳದ ಕಡೆಗೇ ಬೆರಳು ತೋರಿಸುತ್ತದೆ. ನಾಡಿ ಬೇರೆ ಸಿಗಲಿಲ್ಲ ಅಂದಿದ್ದಾರೆ.

ಡಾಪ್ಲರ್ ಜೊತೆ ಎಬಿಐ ಅಂತ ಒಂದು ಪರೀಕ್ಷೆ ಮಾಡಿಸಿ. ತೋಳಿನ ಬಿಪಿ, ಕಣಕಾಲಿನ ಬಿಪಿ ಎರಡೂ ನೋಡಿ, ಕಣಕಾಲಿನದನ್ನು ತೋಳಿನದರಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಮ್ಮಿ ಬಂದರೆ ಬ್ಲಾಕ್ ಇದೆ ಅಂತ ಲೆಕ್ಕ. ಸೂಜಿ ಇಲ್ಲ, ನೋವಿಲ್ಲ, ಸ್ವಲ್ಪ ಹೊತ್ತಿನ ಕೆಲಸ. ಒಂದೇ ಎಚ್ಚರಿಕೆ, ಶುಗರ್ ಹಳೆಯದಾದವರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಒತ್ತಿದರೂ ನಾಳ ಬಗ್ಗುವುದಿಲ್ಲ, ಸಂಖ್ಯೆ ಸುಳ್ಳಾಗಿ ಜಾಸ್ತಿ ಬರುತ್ತದೆ. 1.4 ದಾಟಿದರೆ ಖುಷಿ ಪಡಬೇಡಿ, ಕಾಲಿನ ಹೆಬ್ಬೆರಳಿನ ಪ್ರೆಷರ್ ನೋಡಿ ಅಂತ ಕೇಳಿ.

ರಾತ್ರಿ ಮಲಗಿದಾಗ ಪಾದ ನೋಯುತ್ತದಾ? ಕಾಲು ಮಂಚದಿಂದ ಕೆಳಗೆ ಇಳಿಬಿಟ್ಟರೆ ವಾಸಿ ಅನ್ನುತ್ತಾರಾ? ಬೆರಳ ಸಂದಿ, ಹಿಮ್ಮಡಿಯಲ್ಲಿ ಒಣಗದ ಗಾಯ ಏನಾದರೂ ಇದೆಯಾ? ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ನಾಳೆಯೇ ಕರೆದುಕೊಂಡು ಹೋಗಿ.


ಕ್ಯಾಥ್‌ಲ್ಯಾಬ್ ನೈಟ್ ಶಿಫ್ಟ್:

ಫಿಸಿಯೋ ಮೇಡಂ ಹೇಳಿದ್ದು ಸರಿ. ಆ ಕೊನೆಯ ಪ್ರಶ್ನೆಗೆ ಉತ್ತರ ಏನು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಡಾಕ್ಟರಲ್ಲ, ಟೆಕ್ನಿಷಿಯನ್. ಆದರೆ ಮುಚ್ಚಿದ ನಾಳ ಅಗಲ ಮಾಡುವ ಈ ಬಲೂನು, ಅದನ್ನು ತೆರೆದಿಡುವ ಸ್ಟೆಂಟು ದಿನಾ ಕೈಯಲ್ಲಿ ಹಿಡಿಯುವವನು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಮಂಡ್ಯದವರಿಗೆ ನಾಲೆ ಲೆಕ್ಕದಲ್ಲೇ ಹೇಳುವುದು ಸುಲಭ. ವಿ.ಸಿ. ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕೊನೆ ಭಾಗದ ಗದ್ದೆ. ಕಾಲಿಗೆ ಮೀನಖಂಡ, ಪಾದ ಅದೇ ಕೊನೆ ಭಾಗ. ಕೆಲಸ ಇಲ್ಲದಾಗ ಬರುವಷ್ಟು ರಕ್ತ ಸಾಕಾಗುತ್ತದೆ, ನಡೆದಾಗ ಮಾತ್ರ ಸಾಲುವುದಿಲ್ಲ ಅಂದರೆ ಅದು ಮೊದಲ ಹಂತ. ಸುಮ್ನೆ ಮಲಗಿದಾಗಲೂ ಸಾಲದು, ಗಾಯ ಒಣಗುವುದಿಲ್ಲ, ಬೆರಳು ಕಪ್ಪಾಗುತ್ತದೆ ಅಂದರೆ ಕಾಲೇ ಅಪಾಯದಲ್ಲಿದೆ. ಟಿವಿಯಲ್ಲಿ, ಯೂಟ್ಯೂಬಲ್ಲಿ ಬರುವ ಹೊಸ ಚಿಕಿತ್ಸೆಗಳಲ್ಲಿ ಮುಕ್ಕಾಲು ಪಾಲು ಈ ಎರಡನೆಯವರಿಗೆ ಮಾಡಿದ್ದು. ಅದನ್ನು ಯಾರೂ ಹೇಳುವುದಿಲ್ಲ.

ಸ್ಟೆಮ್ ಸೆಲ್: ನಿಮ್ಮ ಚಿಕ್ಕಪ್ಪ ಹೇಳಿದ್ದು ಗಾಳಿ ಮಾತಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್ ಅಂತ ಇದೆ. ದಾನಿಗಳ ಅಸ್ಥಿಮಜ್ಜೆಯಿಂದ ತೆಗೆದ ಸ್ಟೆಮ್ ಸೆಲ್ ಅನ್ನುವ ಮೂಲ ಜೀವಕೋಶಗಳನ್ನು ಬೆಳೆಸಿ ಮೀನಖಂಡಕ್ಕೆ ಚುಚ್ಚುತ್ತಾರೆ. 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಬರ್ಗರ್ ಅನ್ನುವ ನಾಳದ ಕಾಯಿಲೆಗೆ ಸೀಮಿತ ಅನುಮತಿ ಕೊಟ್ಟರು, 2020ರಲ್ಲಿ ಕೊಬ್ಬು ಕಟ್ಟಿ ಬ್ಲಾಕ್ ಆದ ಕಾಲುಗಳಿಗೂ ವಿಸ್ತರಿಸಿದರು. ಆದರೆ ಅದು ಆ ಎರಡನೆಯ ಹಂತದವರಿಗೆ, ಅಂದರೆ ಮಲಗಿದಾಗಲೂ ನೋವು ಇರುವವರಿಗೆ, ಗಾಯ ಆದವರಿಗೆ. ನಡೆದಾಗ ಮೀನಖಂಡ ಹಿಡಿಯುವವರಿಗೆ ಅಲ್ಲ. ಇದೊಂದು ಅನುಮತಿ ತೋರಿಸಿಕೊಂಡು, ನಿಮ್ಮದೇ ರಕ್ತ ತೆಗೆದು ತಿರುಗಿಸಿ ಚುಚ್ಚುತ್ತೇವೆ, ಅದೂ ಸ್ಟೆಮ್ ಸೆಲ್ಲೇ ಅನ್ನುವವರೂ ಇದ್ದಾರೆ. ಅದು ಇದಲ್ಲ.

ಅಂದ ಹಾಗೆ ಬರ್ಗರ್ ಅಂದರೆ ಬೀಡಿ, ಸಿಗರೇಟು ಸೇದುವ ಚಿಕ್ಕ ವಯಸ್ಸಿನ ಗಂಡಸರಿಗೆ ಜಾಸ್ತಿ ಬರುವುದು. ಮೂವತ್ತೈದು ವರ್ಷದವರು ಬೆರಳು ಕಪ್ಪಾಗಿ ಬಂದು ಕೂರುತ್ತಾರೆ. ಅದರಲ್ಲಿ ಬೀಡಿ ಪೂರ್ತಿ ಬಿಟ್ಟವರ ಕಾಲು ಉಳಿಯುತ್ತದೆ. ದಿನಕ್ಕೆ ಒಂದೇ ಒಂದು ಸಾರ್ ಅನ್ನುವವರು ಮತ್ತೆ ಬರುತ್ತಾರೆ, ಈ ಸಲ ಒಂದು ಬೆರಳು ಕಮ್ಮಿ ಇರುತ್ತದೆ.

ಕರಗುವ ಸ್ಟೆಂಟ್: ಅಬಾಟ್ ಕಂಪನಿಯ ಎಸ್ಪ್ರಿಟ್. ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಮೊಣಕಾಲಿನ ಕೆಳಗಿನ ಸಣ್ಣ ನಾಳಗಳಿಗೆ, ಅದೂ ಕಾಲು ಅಪಾಯದಲ್ಲಿರುವವರಿಗೆ. 261 ಜನರ ಮೇಲೆ ಪರೀಕ್ಷೆ ಮಾಡಿದ್ದರು, ಬರೀ ಬಲೂನಿಗಿಂತ ಚೆನ್ನಾಗಿ ಕೆಲಸ ಮಾಡಿತು. ಒಳ್ಳೆಯ ವಸ್ತುವೇ. ನಡೆದಾಗ ಮಾತ್ರ ನೋಯುವವರಿಗೆ ಮೊಣಕಾಲಿನ ಕೆಳಗಿನ ನಾಳವನ್ನು ಸುಮ್ಮನೆ ಕೆದಕಬಾರದು ಅನ್ನುವುದೇ ಈಗಿನ ನಿಯಮ.

ಇನ್ನೊಂದು ನನಗೆ ನಿಜಕ್ಕೂ ಆಶ್ಚರ್ಯ ಅನಿಸಿದ್ದು ಲಿಮ್‌ಫ್ಲೋ. ಪಾದದ ತನಕ ನಾಳ ಎಲ್ಲವೂ ಮುಚ್ಚಿಹೋಗಿ, ಬಲೂನೂ ಆಗಲ್ಲ ಬೈಪಾಸೂ ಆಗಲ್ಲ ಅಂತ ಕೈಬಿಟ್ಟವರಿಗೆ, ಮೇಲೆ ಬರುವ ಒಳ್ಳೆಯ ರಕ್ತವನ್ನು ಪಕ್ಕದ ವಾಪಸ್ ಹೋಗುವ ನಾಳಕ್ಕೆ ತಿರುಗಿಸಿ, ಅದರೊಳಗೇ ಉಲ್ಟಾ ಪಾದಕ್ಕೆ ಇಳಿಸುತ್ತಾರೆ. ವಾಲ್ವ್‌ಗಳನ್ನು ಮೊದಲೇ ಕತ್ತರಿಸಿ ದಾರಿ ಮಾಡುತ್ತಾರೆ. 2023ರಲ್ಲಿ ಬಂದ ವರದಿಯಲ್ಲಿ 105 ಜನರಲ್ಲಿ ಆರು ತಿಂಗಳ ಹೊತ್ತಿಗೆ ಸುಮಾರು 76% ಜನರ ಕಾಲು ಉಳಿದಿತ್ತು. ಕಾಲು ತೆಗೆಯಬೇಕು ಅಂತ ಇದ್ದವರು ಇವರೆಲ್ಲ, ನೆನಪಿರಲಿ. ಗಾಯ ಪೂರ್ತಿ ಒಣಗಿದ್ದು ಮಾತ್ರ ಅಷ್ಟರಲ್ಲಿ ನಾಲ್ಕರಲ್ಲಿ ಒಂದು ಪಾಲು ಜನರಿಗೆ. ಇದನ್ನು ನಿಮ್ಮ ತಂದೆಗೆ ಕೇಳುವ ದಿನ ಬಾರದಿರಲಿ.

ಸುಣ್ಣ ಕಟ್ಟಿದ ನಾಳಕ್ಕೆ ಶಾಕ್‌ವೇವ್ ಬಲೂನ್ ಇದೆ. ಕಿಡ್ನಿ ಕಲ್ಲು ಒಡೆಯುವ ಹಾಗೆ ಶಬ್ದದ ಅಲೆ ಬಿಟ್ಟು ಸುಣ್ಣ ಒಡೆಯುತ್ತಾರೆ, ಆಮೇಲೆ ಕಮ್ಮಿ ಒತ್ತಡಕ್ಕೇ ನಾಳ ಅಗಲವಾಗುತ್ತದೆ. ಇದು ನಮ್ಮಲ್ಲೂ ಬಂದು ವರ್ಷಗಳಾದವು. ಔಷಧಿ ಸವರಿದ ಬಲೂನೂ ಹಾಗೆಯೇ. ಆದರೆ ಹೊಸದೆಲ್ಲ ಗೆಲ್ಲುತ್ತದೆ ಅಂತ ತಿಳಿಯಬೇಡಿ. ಸ್ವೀಡನ್ನಿನವರು ಔಷಧಿ ಸವರಿದ ಬಲೂನು, ಸ್ಟೆಂಟುಗಳನ್ನು ಮಾಮೂಲಿಯದರ ಜೊತೆ ಹೋಲಿಸಿ 2025ರಲ್ಲಿ ಫಲಿತಾಂಶ ಕೊಟ್ಟರು. ಕಾಲು ಅಪಾಯದಲ್ಲಿದ್ದವರಲ್ಲಿ ಕಾಲು ತೆಗೆಯುವುದು ಕಮ್ಮಿ ಆಗಲಿಲ್ಲ. ನಡೆದಾಗ ನೋಯುವವರಲ್ಲಿ ಜೀವನ ಸುಧಾರಿಸಿದ್ದೂ ಕಾಣಲಿಲ್ಲ. 2022ರಲ್ಲಿ 1,830 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ, ಕಾಲಿಂದ ತೆಗೆಯಲು ಒಳ್ಳೆಯ ಉದ್ದ ನಾಳ ಇದ್ದವರಿಗೆ ಹಳೇ ಕಾಲದ ಬೈಪಾಸ್ ಆಪರೇಷನ್ನೇ ಬಲೂನಿಗಿಂತ ಚೆನ್ನಾಗಿತ್ತು. ಇದನ್ನು ಕ್ಯಾಥ್‌ಲ್ಯಾಬಲ್ಲಿ ಕೆಲಸ ಮಾಡುವ ನಾನೇ ಹೇಳುತ್ತಿದ್ದೇನೆ.


ಮದ್ದೂರು ಸೊಸೆ:

ಇಷ್ಟೆಲ್ಲ ಗೊತ್ತಿಲ್ಲ, ನಮ್ಮ ಮಾವನದ್ದು ಹೇಳುತ್ತೇನೆ.

ಅವರಿಗೂ ಶುಗರ್. ಕಾಲು ತಣ್ಣಗಿರುತ್ತದೆ ಅಂತ ರಾತ್ರಿ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳುತ್ತಿದ್ದರು. ಪಾದದಲ್ಲಿ ಸ್ಪರ್ಶವೇ ಇಲ್ಲವಲ್ಲ, ಸುಟ್ಟಿದ್ದು ಗೊತ್ತಾಗಲಿಲ್ಲ. ಬೆಳಿಗ್ಗೆ ಬೆಡ್‌ಶೀಟ್ ತೆಗೆದರೆ ಹೆಬ್ಬೆರಳ ಪಕ್ಕ ನೀರು ಗುಳ್ಳೆ, ನಿಂಬೆಹಣ್ಣಿನಷ್ಟು. ಬೇರೆಯವರಿಗೆ ವಾರಕ್ಕೆ ಒಣಗುವ ಗಾಯ, ಇವರಿಗೆ ತಿಂಗಳುಗಟ್ಟಲೆ ಆಯಿತು.

ಆಗ ಯಾರೋ ಹೇಳಿದರು ಅಂತ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು ನಮ್ಮ ಯಜಮಾನರು. ಡ್ರಿಪ್ ಹಾಕಿ ನಾಳದ ಕಸವೆಲ್ಲ ತೊಳೆಯುತ್ತೇವೆ, ಆಪರೇಷನ್ ಬೇಡ ಅಂತ. ಪ್ಯಾಕೇಜ್ ಅಂತೆ, ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು. ಗೋಡೆ ತುಂಬ ಮೊದಲು, ಆಮೇಲೆ ಅಂತ ಫೋಟೋಗಳು. ಎಬಿಐ ಅಂತ ಒಂದು ಸಲವೂ ನೋಡಲಿಲ್ಲ ಅಲ್ಲಿ. ಗಾಯ ವಾಸನೆ ಬರಲು ಶುರುವಾದ ಮೇಲೆ, ಇದು ನಮ್ಮಲ್ಲಿ ಆಗಲ್ಲ, ದೊಡ್ಡ ಆಸ್ಪತ್ರೆಗೆ ತೋರಿಸಿ ಅಂದರು. ಉಳಿದ ದುಡ್ಡು ಕೇಳಿದರೆ ಪ್ಯಾಕೇಜ್ ವಾಪಸ್ ಇಲ್ಲ ಅಂತ ರಸೀದಿಯ ಹಿಂದೆ ಬರೆದಿದ್ದು ತೋರಿಸಿದರು. ದೊಡ್ಡ ಆಸ್ಪತ್ರೆಯಲ್ಲಿ ಬಲೂನ್ ಹಾಕಿ ಎರಡು ಬೆರಳು ತೆಗೆದರು. ಕಾಲು ಉಳಿಯಿತು, ಅಷ್ಟೇ ಪುಣ್ಯ.

ಬಿಸಿನೀರು, ಹೀಟರು, ಬಿಸಿ ಮರಳಿನ ಗಂಟು ಯಾವುದೂ ಬೇಡ ಅಣ್ಣ. ಚಳಿ ಅಂದರೆ ಸಡಿಲವಾದ ಹತ್ತಿ ಸಾಕ್ಸ್ ಹಾಕಿ. ನಿಮ್ಮ ತಂದೆ ಗದ್ದೆಗೆ ಬರಿಗಾಲಲ್ಲಿ ಹೋಗುತ್ತಾರಾ? ಅದನ್ನು ಮೊದಲು ನಿಲ್ಲಿಸಿ. ಕಬ್ಬಿನ ಕೂಳೆ ಚುಚ್ಚಿದರೂ ಗೊತ್ತಾಗುವುದಿಲ್ಲ ಅವರಿಗೆ.


ಸುಮ್ನೆ ಓದುವವ:

ಎಲ್ಲರೂ ಹೆದರಿಸುತ್ತಿದ್ದೀರಿ ಅನಿಸುತ್ತದೆ. ನಮ್ಮ ತಾಯಿ ಮೈಸೂರಲ್ಲಿ ಫ್ರೀಯಾಗಿ ಕಾಲು ಅದುರಿಸುವ ಯಂತ್ರದ ಸೆಂಟರಿಗೆ ಹೋಗುತ್ತಾರೆ. ಅರ್ಧ ಗಂಟೆ ಕಾಲು ಇಟ್ಟು ಕೂತರೆ ರಕ್ತ ಓಡಾಡುತ್ತದೆ, ಹಗುರ ಅನಿಸುತ್ತದೆ ಅನ್ನುತ್ತಾರೆ. ಎಣ್ಣೆ ಹಚ್ಚಿ ನೀವಿದರೂ ಆಗುತ್ತದೆ. ಎಲ್ಲಕ್ಕೂ ಸ್ಟೆಂಟ್ ಯಾಕೆ?


ಕುವೆಂಪುನಗರ ಫಿಸಿಯೋ:

ಎಲ್ಲಕ್ಕೂ ಸ್ಟೆಂಟ್ ಅಂತ ಇಲ್ಲಿ ಯಾರೂ ಹೇಳಿಲ್ಲ, ಮೇಲೆ ಇನ್ನೊಂದು ಸಲ ಓದಿ. ನಿಮ್ಮ ತಾಯಿಗೆ ಹಗುರ ಅನಿಸುವುದು ಸುಳ್ಳಲ್ಲ, ಸ್ನಾಯು ಸಡಿಲವಾದರೆ ಯಾರಿಗಾದರೂ ಹಾಗೆ ಅನಿಸುತ್ತದೆ. ಆದರೆ ತೊಡೆಯಲ್ಲಿ ಮುಚ್ಚಿದ ನಾಳ ಪಾದ ಅದುರಿಸಿದರೆ ತೆರೆಯುವುದಿಲ್ಲ. ಆ ಸೆಂಟರುಗಳಲ್ಲಿ ಕಾಲು ಇಡುವುದು ಫ್ರೀ, ಯಂತ್ರ ಮನೆಗೆ ತಗೊಳ್ಳಿ ಅನ್ನುವುದು ಆಮೇಲೆ. ಎಣ್ಣೆ ಹಚ್ಚಲಿ, ಚರ್ಮ ಒಡೆಯದ ಹಾಗೆ ಇರುತ್ತದೆ. ಬೆರಳ ಸಂದಿಗೆ ಬೇಡ, ಗಾಯ ಇದ್ದರೆ ಜೋರಾಗಿ ಉಜ್ಜುವುದೂ ಬೇಡ.

ಈಗ ನಾನು ಹೇಳಬೇಕು ಅಂದುಕೊಂಡಿದ್ದು. ನಡಿಗೆ. ಮುಖ ಸಿಂಡರಿಸಬೇಡಿ, ಇದು ಸುಮ್ನೆ ವಾಕಿಂಗ್ ಹೋಗಿ ಅನ್ನುವ ಬುದ್ಧಿವಾದ ಅಲ್ಲ, ಅಳತೆ ಇರುವ ಚಿಕಿತ್ಸೆ. ನೋವು ಶುರುವಾಗುವ ತನಕ ನಡೆದು ನಿಲ್ಲುವುದಲ್ಲ. ನೋವು ಬಂದ ಮೇಲೂ ಅದು ಚೆನ್ನಾಗಿ ಹಿಡಿಯುವ ತನಕ ನಡೆಯಬೇಕು. ಆಮೇಲೆ ನಿಲ್ಲಬೇಕು. ನೋವು ಪೂರ್ತಿ ಹೋದ ಮೇಲೆ ಮತ್ತೆ ನಡೆಯಬೇಕು. ಹೀಗೆ ನಿಲ್ಲುವ ಹೊತ್ತೂ ಸೇರಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ವಾರಕ್ಕೆ ಕಮ್ಮಿ ಅಂದರೆ ಮೂರು ದಿನ, ಕಮ್ಮಿ ಅಂದರೆ 12 ವಾರ. ಮನೆಯಲ್ಲೇ ನಡೆಯುವವರ ಮೇಲೆ ಅಮೆರಿಕದಲ್ಲಿ 305 ಜನರನ್ನು ಒಂದು ವರ್ಷ ನೋಡಿದರು, 2021ರಲ್ಲಿ ವರದಿ ಬಂತು. ನೋವು ಬರುವ ಹಾಗೆ ನಡೆದವರು ಆರು ನಿಮಿಷದಲ್ಲಿ ಮೊದಲಿಗಿಂತ ಸುಮಾರು 34 ಮೀಟರ್ ಜಾಸ್ತಿ ನಡೆದರು. ನೋವು ಬಾರದ ಹಾಗೆ ನಿಧಾನ ನಡೆದವರಿಗೆ ಲಾಭವೇ ಆಗಲಿಲ್ಲ. ಸುಮ್ನೆ ಆರಾಮಾಗಿ ಅಡ್ಡಾಡಿ ಅಂತ ಹೇಳಿ ಕಳಿಸುವ ನಮ್ಮವರೂ ಇದನ್ನು ಓದಬೇಕು.

ನೋವಿಗೆ ಹೆದರಬೇಡಿ, ಆ ನೋವು ಸ್ನಾಯುವನ್ನು ಹಾಳು ಮಾಡುವುದಿಲ್ಲ. ಸ್ನಾಯು ಇರುವ ಆಮ್ಲಜನಕವನ್ನೇ ಚೆನ್ನಾಗಿ ಬಳಸಲು ಕಲಿಯುತ್ತದೆ, ಬ್ಲಾಕ್ ಹಾಗೇ ಇದ್ದರೂ ನಡೆಯುವ ದೂರ ಜಾಸ್ತಿಯಾಗುತ್ತದೆ. ಆದರೆ ಪಾದದಲ್ಲಿ ಗಾಯ ಇದ್ದರೆ, ಮಲಗಿದಾಗಲೂ ನೋವಿದ್ದರೆ ಇದು ಅಲ್ಲ. ನಡೆಯುವಾಗ ಎದೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಶುರು ಮಾಡುವ ಮೊದಲು ಇಸಿಜಿ, ಎಕೋ ಮಾಡಿಸಿಬಿಡಿ. ಕಾಲಿನ ನಾಳದಲ್ಲಿ ಕೊಬ್ಬು ಕಟ್ಟಿದವರಿಗೆ ಹೃದಯದಲ್ಲೂ ಕಟ್ಟಿರುವುದು ಮಾಮೂಲು.


ಪಾಂಡವಪುರ ಸೀಮೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪರೀಕ್ಷೆ ಎಲ್ಲ ಆಯಿತು. ಎಬಿಐ ಬಲಗಾಲು 0.68, ಎಡಗಾಲು 0.94. ಡಾಪ್ಲರಲ್ಲಿ ಬಲ ತೊಡೆಯ ನಾಳದಲ್ಲಿ ಬ್ಲಾಕ್, ಅದರ ಕೆಳಗೆ ಪಕ್ಕದ ಸಣ್ಣ ನಾಳಗಳಿಂದ ರಕ್ತ ಬಂದು ಸೇರುತ್ತಿದೆ ಅಂತ ಬರೆದಿದ್ದಾರೆ. ಗಾಯ ಇಲ್ಲ, ರಾತ್ರಿ ನೋವಿಲ್ಲ. ಎಕೋ ಪರವಾಗಿಲ್ಲ ಅಂದರು. ಮೂರು ತಿಂಗಳ ಸರಾಸರಿ ಶುಗರ್ 9.1, ಕೆಟ್ಟ ಕೊಲೆಸ್ಟ್ರಾಲ್ 138.

ಡಾಕ್ಟರು ಆಸ್ಪಿರಿನ್, ಅಟೊರ್ವಾಸ್ಟಾಟಿನ್, ಸಿಲೊಸ್ಟಜಾಲ್ ಬರೆದು, ಬೀಡಿ ಬಿಟ್ಟು ನಡೆಯಿರಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಚಿಕ್ಕಪ್ಪನಿಗೆ ಸಿಟ್ಟು. ಇಷ್ಟು ದೂರ ಬಂದು ಬರೀ ಮಾತ್ರೆನಾ, ಬ್ಲಾಕ್ ಇದ್ದರೂ ಯಾಕೆ ತೆಗೆಯುತ್ತಿಲ್ಲ, ಬಿಟ್ಟರೆ ಕಾಲು ಹೋಗುವುದಿಲ್ಲವಾ ಅಂತ. ನನಗೂ ಅದೇ ಅನುಮಾನ. ಮತ್ತೆ ಒಬ್ಬರು ಸಣ್ಣ ಆಗುವ ಇಂಜೆಕ್ಷನ್ ಕಾಲಿನ ರಕ್ತ ಸಂಚಾರಕ್ಕೂ ಒಳ್ಳೆಯದು ಅಂದರು, ನಿಜವಾ?


ಸರಸ್ವತಿಪುರಂ ಮೆಡಿಕಲ್ಸ್:

ಔಷಧಿ ಅಂಗಡಿಯವನು ನಾನು, ಮಾತ್ರೆಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಸಣ್ಣ ಆಗುವ ಇಂಜೆಕ್ಷನ್ ಅಂದರೆ ಸೆಮಾಗ್ಲುಟೈಡ್. ನಿಜ, ಅದರ ಮೇಲೆ ಸ್ಟ್ರೈಡ್ ಅನ್ನುವ ಪರೀಕ್ಷೆ ನಡೆದು 2025ರಲ್ಲಿ ಫಲಿತಾಂಶ ಬಂತು. 792 ಜನ, ಎಲ್ಲರಿಗೂ ಟೈಪ್ 2 ಶುಗರ್, ಎಲ್ಲರಿಗೂ ನಡೆದರೆ ಕಾಲು ನೋವು. ಹೆಚ್ಚುಕಮ್ಮಿ ನಿಮ್ಮ ತಂದೆಯ ಹಾಗೇ ಇರುವವರು. ವಾರಕ್ಕೊಂದು ಸಲ 1 ಮಿಲಿಗ್ರಾಂ ಇಂಜೆಕ್ಷನ್, ಒಂದು ವರ್ಷ. ಹೋಲಿಕೆಗೆ ಅಂತ ಔಷಧಿ ಇಲ್ಲದ ಇಂಜೆಕ್ಷನ್ ತಗೊಂಡವರಿಗಿಂತ ಇವರ ನಡೆಯುವ ದೂರ ಸುಮಾರು 13% ಜಾಸ್ತಿಯಾಯಿತು. ಮೀಟರ್ ಲೆಕ್ಕದಲ್ಲಿ ದೊಡ್ಡದಲ್ಲ. ಆದರೆ ನಡೆಯುವ ದೂರ ಹೆಚ್ಚಿಸುವ ಸಿಲೊಸ್ಟಜಾಲ್ ಬಂದು ಎಷ್ಟೋ ವರ್ಷ ಆದ ಮೇಲೆ, ಈ ಹಂತದವರಿಗೆ ಉಪಯೋಗ ಆಗುವ ಔಷಧಿ ಅಂತ ಒಂದು ಸಿಕ್ಕಿದೆಯಲ್ಲ, ಅದು ದೊಡ್ಡದು. ಶುಗರ್ 9.1 ಇರುವವರಿಗೆ ಶುಗರಿಗೂ ಆಯಿತು. ಡಾಕ್ಟರನ್ನು ಈ ಹೆಸರು ಹೇಳಿಯೇ ಕೇಳಿ. ವಾಕರಿಕೆ, ಊಟ ಸೇರದಿರುವುದು ಶುರುವಿನಲ್ಲಿ ಇರುತ್ತದೆ, ಅದಕ್ಕೇ ಸಣ್ಣ ಡೋಸಿನಿಂದ ಏರಿಸುತ್ತಾರೆ. ಕಣ್ಣಿನ ಪರದೆ ಪರೀಕ್ಷೆ ಮೊದಲು ಮಾಡಿಸಿಕೊಳ್ಳಿ, ಶುಗರ್ ಒಮ್ಮೆಗೇ ಇಳಿದರೆ ಹಳೇ ಕಣ್ಣಿನ ತೊಂದರೆ ಜಾಸ್ತಿ ಆಗಬಹುದು. ತೀರಾ ಸಣಕಲು ಮೈಯವರಾದರೆ ಅದನ್ನೂ ಡಾಕ್ಟರ ಗಮನಕ್ಕೆ ತನ್ನಿ.

ಸಿಲೊಸ್ಟಜಾಲ್ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಎರಡು ಗಂಟೆ ಆದ ಮೇಲೆ. ಶುರುವಿನಲ್ಲಿ ತಲೆನೋವು, ಎದೆ ಡವಡವ ಅನ್ನುವುದು ಇರುತ್ತದೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಕೊಡಲೇಬಾರದು, ಎಕೋ ನೋಡಿಯೇ ಬರೆದಿರುತ್ತಾರೆ. ಗ್ಯಾಸಿಗೆ ಅಂತ ಒಮೆಪ್ರಜೋಲ್ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದು ಸೇರಿದರೆ ಸಿಲೊಸ್ಟಜಾಲ್ ಮೈಯಲ್ಲಿ ಜಾಸ್ತಿ ಉಳಿಯುತ್ತದೆ, ಡೋಸ್ ಇಳಿಸಬೇಕಾಗುತ್ತದೆ. ಎರಡು ವಾರ ನುಂಗಿ ಏನೂ ಆಗಲಿಲ್ಲ ಅಂತ ಬಿಡುವವರೇ ನನ್ನ ಅಂಗಡಿಗೆ ಜಾಸ್ತಿ ಬರುವುದು. ಮೂರು ತಿಂಗಳು ನೋಡಬೇಕು ಅದಕ್ಕೆ.

ಅಟೊರ್ವಾಸ್ಟಾಟಿನ್ ಮಾತ್ರ ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ. ಕೆಟ್ಟ ಕೊಲೆಸ್ಟ್ರಾಲ್ 138 ಇರುವುದು 70ರ ಕೆಳಗೆ ಬರಬೇಕು. ವಾಟ್ಸಾಪಲ್ಲಿ ಅದರ ಬಗ್ಗೆ ಬರುವಷ್ಟು ಕೆಟ್ಟ ಮಾತು ಬೀಡಿ ಬಗ್ಗೆ ಬಂದಿದ್ದರೆ ಚೆನ್ನಾಗಿತ್ತು. ಕೆಲವರಿಗೆ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ರಿವರೊಕ್ಸಬಾನ್ 2.5 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಡುತ್ತಾರೆ. ಹಾರ್ಟ್ ಅಟ್ಯಾಕು, ಸ್ಟ್ರೋಕು, ಕಾಲು ಹೋಗುವುದು ಕಮ್ಮಿ ಆಗುತ್ತದೆ, ರಕ್ತಸ್ರಾವ ಜಾಸ್ತಿ ಆಗುತ್ತದೆ. ಅದನ್ನು ಅಂಗಡಿಯಲ್ಲಿ ಕೇಳಿ ತಗೊಳ್ಳುವುದಲ್ಲ.


ಕ್ಯಾಥ್‌ಲ್ಯಾಬ್ ನೈಟ್ ಶಿಫ್ಟ್:

ಚಿಕ್ಕಪ್ಪನಿಗೆ ಉತ್ತರ. ನಡೆದಾಗ ಮಾತ್ರ ನೋಯುವವರಲ್ಲಿ ಹೆಚ್ಚಿನವರಿಗೆ ಕಾಲು ತೆಗೆಯುವ ಹಂತ ಬರುವುದೇ ಇಲ್ಲ. ಬೀಡಿ ಮುಂದುವರಿಸಿದವರಿಗೆ, ಶುಗರ್ ಹಿಡಿತದಲ್ಲಿ ಇಲ್ಲದವರಿಗೆ ಆ ಅಪಾಯ ಜಾಸ್ತಿ. ಈ ಹಂತದಲ್ಲಿ ಕಾಲಿಗಿಂತ ಹೃದಯ, ಮೆದುಳಿನ ಅಪಾಯವೇ ದೊಡ್ಡದು, ಆ ಬರೀ ಮಾತ್ರೆ ಕೊಟ್ಟಿರುವುದು ಅದಕ್ಕೂ ಸೇರಿ.

ಬ್ಲಾಕ್ ಕಂಡ ತಕ್ಷಣ ತೆಗೆಯಬೇಕು ಅಂತಲೂ ಇಲ್ಲ. ರಿಪೋರ್ಟಲ್ಲಿ ಪಕ್ಕದ ಸಣ್ಣ ನಾಳಗಳಿಂದ ರಕ್ತ ಸೇರುತ್ತಿದೆ ಅಂತ ಇದೆಯಲ್ಲ, ಅದು ಮೈ ತಾನೇ ಮಾಡಿಕೊಂಡ ಬೈಪಾಸ್. ತೊಡೆಯಲ್ಲಿ ಹಾಕಿದ ಸ್ಟೆಂಟ್ ಮಂಡಿ ಮಡಿಚಿದಾಗೆಲ್ಲ ಬಾಗುತ್ತದೆ, ಒಳಗೆ ಮತ್ತೆ ಮುಚ್ಚಿಕೊಳ್ಳುವುದು ಅಪರೂಪ ಅಲ್ಲ. ಕೆಲವೊಮ್ಮೆ ಮುಚ್ಚುವಾಗ ಆ ಪಕ್ಕದ ನಾಳಗಳ ಬಾಯನ್ನೂ ಮುಚ್ಚಿಬಿಡುತ್ತದೆ, ಆಗ ಮೊದಲಿಗಿಂತ ಕಷ್ಟ. ಮೂರು ತಿಂಗಳು ಸರಿಯಾಗಿ ನಡೆದು, ಮಾತ್ರೆ ತಗೊಂಡು, ಆದರೂ ಜೀವನ ನಡೆಸಲು ಕಷ್ಟ ಅನಿಸಿದರೆ ಆಗ ಬಲೂನಿನ ಮಾತು. ತೊಡೆಯ ಬ್ಲಾಕ್ ಎಲ್ಲಿಗೂ ಓಡಿ ಹೋಗುವುದಿಲ್ಲ.

ಮೂರು ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ಕಾಲು ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋವು ಬಂದು, ಬೆರಳು ಆಡಿಸಲು ಆಗದಿದ್ದರೆ ಅದು ಬೇರೆಯೇ ಕಥೆ. ರಕ್ತ ಹೆಪ್ಪುಗಟ್ಟಿದೆ ಅಂತ ಅರ್ಥ. ಗಂಟೆಗಳ ಲೆಕ್ಕ ಅಲ್ಲಿ, ಬೆಳಗಾಗಲಿ ಅಂತ ಕಾಯಬೇಡಿ.

ಹೊಸ ನಾಳ ಬೆಳೆಸುವ ಜೀನ್ ಇಂಜೆಕ್ಷನ್ ಅಂತ ಯಾರಾದರೂ ಮಾತು ತಂದರೆ ಇದನ್ನೂ ಹೇಳಿ: ಜಪಾನಿನಲ್ಲಿ ಕೊಲಾಟೆಜೀನ್ ಅನ್ನುವುದಕ್ಕೆ 2019ರಲ್ಲಿ ಷರತ್ತಿನ ಒಪ್ಪಿಗೆ ಕೊಟ್ಟಿದ್ದರು. ಮುಂದಿನ ಪುರಾವೆ ಸಾಲದೆ ಕಂಪನಿಯೇ 2024ರಲ್ಲಿ ಅರ್ಜಿ ವಾಪಸ್ ತಗೊಂಡಿತು. ಇಪ್ಪತ್ತು ವರ್ಷದಿಂದ ಹೊಸ ನಾಳ ಬೆಳೆಸುವ ಆಸೆ ಹೀಗೇ ಬಂದು ಹೋಗುತ್ತಿದೆ.


ಪಾಂಡವಪುರ ಸೀಮೆ:

ಈಗ ಅರ್ಥವಾಯಿತು ಸಾರ್. ಇಂದಿನಿಂದ ಹಾಲಿನ ಕ್ಯಾನ್ ನಾನೇ ಬೈಕಲ್ಲಿ ಒಯ್ಯುತ್ತೇನೆ, ಅಪ್ಪ ಕೈ ಬೀಸಿಕೊಂಡು ನಡೆಯಲಿ. ಬೀಡಿದೇ ಕಷ್ಟ. ಬಿಡಿಸಲು ಏನಾದರೂ ಇದೆಯಾ? ಮುಂದೆ ಬಲೂನ್ ಅಂತ ಆದರೆ ಬಿಪಿಎಲ್ ಕಾರ್ಡಲ್ಲಿ ಆಗುತ್ತದಾ?


ಮದ್ದೂರು ಸೊಸೆ:

ನಮ್ಮ ಮಾವ ನಿಕೋಟಿನ್ ಚ್ಯೂಯಿಂಗ್ ಗಮ್‌ನಲ್ಲಿ ಬಿಟ್ಟರು. ಮೊದಮೊದಲು ಬಾಯಿ ಉರಿ ಅಂತ ಉಗಿದರು. ಅದನ್ನು ಬಬಲ್‌ಗಮ್ ತರ ಅಗಿಯಬಾರದಂತೆ, ಎರಡು ಮೂರು ಸಲ ಅಗಿದು ಕೆನ್ನೆ ಪಕ್ಕ ಇಟ್ಟುಕೊಳ್ಳಬೇಕಂತೆ. ಹೇಳಿಕೊಟ್ಟ ಮೇಲೆ ಸರಿಯಾಯಿತು. 1800-11-2356ಕ್ಕೆ ಫೋನ್ ಮಾಡಿದರೆ ತಂಬಾಕು ಬಿಡಿಸುವವರು ಮಾತಾಡುತ್ತಾರೆ, ಸರ್ಕಾರದ್ದು, ದುಡ್ಡಿಲ್ಲ. ಮತ್ತೆ ನಿಮ್ಮ ತಂದೆಗೆ ಎಂಸಿಆರ್ ಚಪ್ಪಲಿ ತೆಗೆಸಿಕೊಡಿ, ಮೆತ್ತನೆ ರಬ್ಬರಿಂದು, ಹಿಂದೆ ಪಟ್ಟಿ ಇರುವುದು. ಹವಾಯಿ ಬೇಡ, ಬೆರಳ ಸಂದಿ ಉಜ್ಜುತ್ತದೆ.


ಕ್ಯಾಥ್‌ಲ್ಯಾಬ್ ನೈಟ್ ಶಿಫ್ಟ್:

ಬಿಪಿಎಲ್ ಆದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ. ನಿಮಗೆ ಮಂಡ್ಯದ ಮಿಮ್ಸ್ ಹತ್ತಿರ, ಇಲ್ಲದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ. ಖಾಸಗಿಗೆ ಹೋಗಬೇಕಾದರೆ ಅಲ್ಲಿಂದ ರೆಫರಲ್ ಚೀಟಿ ಬೇಕಾಗುತ್ತದೆ. ಅದಿಲ್ಲದೆ ನೇರ ಹೋಗಿ ಅಡ್ಮಿಟ್ ಆದ ಮೇಲೆ ಕಾರ್ಡ್ ತೋರಿಸಿದರೆ ತಕರಾರು. ಯಾವ ಬಲೂನ್, ಯಾವ ಸ್ಟೆಂಟ್ ಯೋಜನೆಯಲ್ಲಿ ಬರುತ್ತದೆ, ಯಾವುದಕ್ಕೆ ಕೈಯಿಂದ ಕಟ್ಟಬೇಕು ಅಂತ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ.

ಮೂರು ತಿಂಗಳು ಆದ ಮೇಲೆ ಹೋಗುವಾಗ ಡಾಪ್ಲರ್ ಫಿಲ್ಮ್, ಹಳೇ ಎಬಿಐ ಎರಡೂ ಇರಲಿ, ಹೊಸದನ್ನು ಅದರ ಪಕ್ಕ ಇಟ್ಟು ನೋಡಬೇಕು. ಆಂಜಿಯೋ ಅಂತ ಮಾತು ಬಂದರೆ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಎಷ್ಟಿದೆ ನೋಡಿಸಿ. ಆಂಜಿಯೋದಲ್ಲಿ ನಾಳ ಕಾಣಲು ಒಳಗೆ ಬಿಡುವ ಬಣ್ಣದಿಂದ ಕಿಡ್ನಿಗೆ ಪೆಟ್ಟು ಬೀಳಬಹುದು, ಶುಗರ್‌ನವರಿಗೆ ಇನ್ನೂ ಜಾಸ್ತಿ. ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಹೇಳಿ, ನಿಲ್ಲಿಸಬೇಕಾ ಬೇಡವಾ ಅಂತ ಅವರೇ ತೀರ್ಮಾನ ಮಾಡುತ್ತಾರೆ.